ಈಮ್ಯಾಕ್ಸ್ ಪ್ರೊಸೆಸ್ ಫಿಲ್ಟರ್: ಜೆಸನ್ ಅರ್ಧಕ್ಕೇ ಕಟ್, ಔಟ್‌ಪುಟ್ ಬೇರೆ ಬಫರ್‌ಗೆ ಬೀಳ್ತಿದೆ

ರಾತ್ರಿಪಾಳಿ:
ಈಮ್ಯಾಕ್ಸ್ ಎಡಿಟರ್‌ಗೆ ಒಂದು ಚಿಕ್ಕ ಪ್ಯಾಕೇಜ್ ಬರೀತಿದೀನಿ. ಫೈಲ್ ಸೇವ್ ಮಾಡಿದ ತಕ್ಷಣ ಒಂದು ಚೆಕರ್ (ಕೋಡ್‌ನ ತಪ್ಪು ಹುಡುಕೋ ಪ್ರೋಗ್ರಾಂ) ಓಡುತ್ತೆ, ಅದು ಸಾಲಿಗೊಂದು ಜೆಸನ್ (ಡೇಟಾ ಬರೆಯೋ ಒಂದು ಪಠ್ಯ ರೂಪ) ಕಕ್ಕುತ್ತೆ, ನಾನು ಫಿಲ್ಟರ್ ಫಂಕ್ಷನ್‌ನಲ್ಲಿ, ಅಂದ್ರೆ ಔಟ್‌ಪುಟ್ ಬಂದಾಗೆಲ್ಲ ಈಮ್ಯಾಕ್ಸ್ ಕರೆಯೋ ಫಂಕ್ಷನ್‌ನಲ್ಲಿ, ಹಿಡಿದು ಪಾರ್ಸ್ ಮಾಡಿ ಇನ್ಸರ್ಟ್ ಮಾಡ್ತೀನಿ. ಚಿಕ್ಕ ಫೈಲ್‌ಗೆ ಹೂವೆತ್ತಿದ ಹಾಗೆ ನಡೆಯುತ್ತೆ, ದೊಡ್ಡದು ಕೊಟ್ರೆ ಒಂದೊಂದ್ಸಲ ಜೆಸನ್-ಎಂಡ್-ಆಫ್-ಫೈಲ್ ಎರರ್, ಒಂದೊಂದ್ಸಲ ಏನೂ ಇಲ್ಲ. ಅದಾದ್ರೂ ಸರಿ, ನಿನ್ನೆ ಚೆಕರ್ ಓಡ್ತಿರೋವಾಗ ಬೇರೆ ಬಫರ್‌ಗೆ (ಎಡಿಟರ್‌ನಲ್ಲಿ ತೆರೆದಿರೋ ಇನ್ನೊಂದು ಪಠ್ಯಕ್ಕೆ) ಹೋಗಿ ಟೈಪ್ ಮಾಡ್ತಿದ್ದೆ, ನನ್ನ ವಾಕ್ಯದ ನಟ್ಟನಡುವೆ ವಾರ್ನಿಂಗ್‌ಗಳು ಬಂದು ಕೂತ್ವು, ನಾನು ನೋಡ್ದೆ ಸೇವ್ ಬೇರೆ ಮಾಡ್ಬಿಟ್ಟೆ. ಪೂರ್ತಿ ಬರೋ ತನಕ ಕಾಯೋಣ ಅಂತ ಫಿಲ್ಟರ್ ಒಳಗೇ ಲೂಪ್ ಹಾಕಿ ಔಟ್‌ಪುಟ್‌ಗೆ ಕಾಯೋ ಆಕ್ಸೆಪ್ಟ್-ಪ್ರೊಸೆಸ್-ಔಟ್‌ಪುಟ್ ಕರೆದೆ, ಈಗ ಎಡಿಟರ್ರೇ ಮರಗಟ್ಟಿ ಹೋಗುತ್ತೆ, ನಿಲ್ಲಿಸೋ ಕೀ ಕಂಟ್ರೋಲ್-ಜಿ ಎಷ್ಟು ಕುಟ್ಟಿದ್ರೂ ಅಲ್ಲಾಡಲ್ಲ. ಲಾಕ್ ಏನಾದ್ರೂ ಹಾಕ್ಬೇಕಾ?

ಹಳೇಲಿಸ್ಪ್:
ಲಾಕ್ ಏನೂ ಬೇಡ, ಮೊದಲು ಆ ಲೂಪ್ ಕಿತ್ತು ಬಿಸಾಕಿ. ಫಿಲ್ಟರ್ ನಿಮ್ಮ ಕೋಡ್ ಮಧ್ಯೆ ಎಲ್ಲೆಂದರಲ್ಲಿ ನುಗ್ಗಲ್ಲ, ಈಮ್ಯಾಕ್ಸ್ ಏನಕ್ಕಾದ್ರೂ ಕಾಯ್ತಿರೋವಾಗ ಮಾತ್ರ ಓಡುತ್ತೆ. ನೀವು ಕೀ ಒತ್ತೋದನ್ನ ಕಾಯ್ವಾಗ, ಸ್ವಲ್ಪ ಹೊತ್ತು ಸುಮ್ನೆ ಕಾಯೋ ಸಿಟ್-ಫಾರ್‌ನಲ್ಲಿ, ಆಕ್ಸೆಪ್ಟ್-ಪ್ರೊಸೆಸ್-ಔಟ್‌ಪುಟ್‌ನಲ್ಲಿ, ಆಮೇಲೆ ಎಲ್ಲರೂ ಮರೆಯೋ, ಪ್ರೊಸೆಸ್‌ಗೆ ಪಠ್ಯ ಕಳಿಸೋ ಪ್ರೊಸೆಸ್-ಸೆಂಡ್-ಸ್ಟ್ರಿಂಗ್‌ನಲ್ಲೂ, ಯಾಕಂದ್ರೆ ಆ ಕಡೆ ಪೈಪ್ ತುಂಬಿದ್ರೆ ಕಳಿಸೋರೂ ಕಾಯ್ಬೇಕಲ್ಲ. ನೀವು ಫಿಲ್ಟರ್ ಒಳಗಿಂದ ಕಾದ್ರೆ ಅದೇ ಫಿಲ್ಟರ್ ಇನ್ನೊಂದ್ಸಲ ಒಳಗಡೆ ಓಡುತ್ತೆ, ಉಳಿದ ತುಂಡನ್ನ ಒಳಗಿನವನು ತಿಂದು ಮುಗಿಸ್ತಾನೆ, ಹೊರಗಿನವನು ತನ್ನ ಪಾಲಿಗೆ ಕಾಯ್ತಾನೇ ಇರ್ತಾನೆ. ಫಿಲ್ಟರ್ ಓಡುವಾಗ ಇನ್‌ಹಿಬಿಟ್-ಕ್ವಿಟ್ ಟಿ ಆಗಿರುತ್ತೆ, ಅಂದ್ರೆ ಮಧ್ಯೆ ನಿಲ್ಲಿಸೋದಕ್ಕೆ ತಡೆ ಇರುತ್ತೆ, ಅದಕ್ಕೇ ಕಂಟ್ರೋಲ್-ಜಿಗೆ ಬೆಲೆ ಇಲ್ಲ.

ಜೆಸನ್ ತುಂಡಾಗೋದು ಬಗ್ ಅಲ್ಲ. ಈಮ್ಯಾಕ್ಸ್ ಒಂದು ಸಲಕ್ಕೆ ಓದೋದಕ್ಕೆ ಒಂದು ಮಿತಿ ಇದೆ, ರೀಡ್-ಪ್ರೊಸೆಸ್-ಔಟ್‌ಪುಟ್-ಮ್ಯಾಕ್ಸ್ ಅಂತ, ತುಂಬಾ ವರ್ಷ ಅದು 4096 ಬೈಟ್ ಇತ್ತು. ಅದನ್ನ ಜಾಸ್ತಿ ಮಾಡಿದ್ರೆ ಎರರ್ ಅಪರೂಪ ಆಗುತ್ತೆ, ಹೋಗಲ್ಲ, ಮತ್ತೆ ಅಪರೂಪಕ್ಕೆ ಬರೋ ಎರರ್ ಇನ್ನೂ ದೊಡ್ಡ ತಲೆನೋವು. ಬಂದ ತುಂಡನ್ನ ಹಳೇ ಬಾಲಕ್ಕೆ ಅಂಟಿಸಿ, ಪೂರ್ತಿ ಸಾಲುಗಳನ್ನ ಮಾತ್ರ ಪಾರ್ಸ್ ಮಾಡಿ, ಕೊನೇ ನ್ಯೂಲೈನ್ ಆದ್ಮೇಲೆ ಉಳಿದದ್ದನ್ನ ಪ್ರೊಸೆಸ್-ಪುಟ್‌ನಿಂದ ಆ ಪ್ರೊಸೆಸ್ ಮೇಲೇ ಇಟ್ಕೊಳ್ಳಿ. ಗ್ಲೋಬಲ್ ವೇರಿಯಬಲ್‌ನಲ್ಲಿ ಇಡ್ಬೇಡಿ, ಎರಡು ಚೆಕರ್ ಒಟ್ಟಿಗೆ ಓಡಿದ ದಿನ ಇವನ ತಲೆ ಅವನ ಬಾಲ ಸೇರ್ಕೊಳ್ಳುತ್ತೆ.

ಬಫರ್ ವಿಷ್ಯ: ಫಿಲ್ಟರ್ ಓಡುವಾಗ ಕರೆಂಟ್ ಬಫರ್ ಯಾವ್ದು ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ಪ್ರೊಸೆಸ್‌ಗೆ ಸೇರಿದ ಬಫರ್ ಕೊಡೋ ಪ್ರೊಸೆಸ್-ಬಫರ್ ತಗೊಳ್ಳಿ, ಬಫರ್-ಲೈವ್-ಪಿ ಇಂದ ಬದುಕಿದೆಯಾ ನೋಡಿ, ಆಮೇಲೆ ವಿತ್-ಕರೆಂಟ್-ಬಫರ್ ಒಳಗೆ ಹೋಗಿ, ಪ್ರೊಸೆಸ್-ಮಾರ್ಕ್ (ಔಟ್‌ಪುಟ್ ಎಲ್ಲಿವರೆಗೆ ಬಿದ್ದಿದೆ ಅನ್ನೋ ಗುರುತು) ಹತ್ರ ಇನ್ಸರ್ಟ್ ಮಾಡಿ ಆ ಮಾರ್ಕ್‌ನ್ನೂ ಮುಂದೆ ತಳ್ಳಿ.

ಪೈಪ್‌ನವನು:
ಒಂದು ಡೌಟ್, ಕನ್ನಡ ಕಾಮೆಂಟ್ ಇರೋ ಫೈಲ್ ಆದ್ರೆ? ಯುಟಿಎಫ್-8ನಲ್ಲಿ ಒಂದೊಂದು ಕನ್ನಡ ಕೋಡ್‌ಪಾಯಿಂಟ್‌ಗೆ 3 ಬೈಟ್, ‘ಕನ್ನಡ’ ಅನ್ನೋ ಪದಕ್ಕೇ 15 ಆಯ್ತು. ತುಂಡು ಅಕ್ಷರದ ಮಧ್ಯದಲ್ಲೇ ಕಡಿದ್ರೆ?

ಹಳೇಲಿಸ್ಪ್:
ಕಡಿಯುತ್ತೆ, ಆದ್ರೆ ಮೇಕ್-ಪ್ರೊಸೆಸ್‌ಗೆ ಕೋಡಿಂಗ್ ಯುಟಿಎಫ್-8 ಅಂತ ಕೊಟ್ಟಿದ್ರೆ ಅರ್ಧ ಅಕ್ಷರದ ಬೈಟ್‌ಗಳನ್ನ ಈಮ್ಯಾಕ್ಸೇ ಮುಂದಿನ ಓದಿಗೆ ಉಳಿಸ್ಕೊಳ್ಳುತ್ತೆ. ಬೈನರಿ ಅಂತ ಕೊಟ್ಟು ತುಂಡುತುಂಡಾಗಿ ನೀವೇ ಡಿಕೋಡ್ ಮಾಡೋಕೆ ಹೋದ್ರೆ ನಿಮ್ಮ ಹಣೆಬರಹ.

ವಿಮ್‌ಪಕ್ಷಪಾತಿ:
ಸುಮ್ನೆ ಹೇಳ್ತೀನಿ, ಇನ್ನೊಂದು ಎಡಿಟರ್ ವಿಮ್‌ನಲ್ಲಿ ಪ್ರೊಸೆಸ್ ಶುರು ಮಾಡೋ ಜಾಬ್_ಸ್ಟಾರ್ಟ್ ಡೀಫಾಲ್ಟ್ ಆಗಿ ಸಾಲು ಪೂರ್ತಿ ಆದ್ಮೇಲೇ ಕಾಲ್‌ಬ್ಯಾಕ್‌ಗೆ ಕೊಡುತ್ತೆ. ನಿಯೋವಿಮ್‌ನಲ್ಲಿ ಮಾತ್ರ ಲಿಸ್ಟ್‌ನ ಕೊನೇ ಐಟಮ್ ಅರ್ಧ ಸಾಲಾಗಿರಬಹುದು, ನೀವೇ ಹೊಲೀಬೇಕು. ಅದು ಗೊತ್ತಿಲ್ದೆ ಒಂದು ವಾರಾಂತ್ಯ ಪೂರ್ತಿ ಹಾಳ್ಮಾಡ್ಕೊಂಡೋನು ನಾನು.

ರಾತ್ರಿಪಾಳಿ:
ತುಂಡು ಅಂಟಿಸಿದ್ಮೇಲೆ ಎರರ್ ಹೋಯ್ತು, ಥ್ಯಾಂಕ್ಸ್ ಹಳೇಲಿಸ್ಪ್ ಅವ್ರೇ. ಹೊಸಾ ತರ್ಲೆ: ಪಟಪಟ ಎರಡು ಸಲ ಸೇವ್ ಮಾಡಿದ್ರೆ ಹಳೇ ಪ್ರೊಸೆಸ್‌ನ ಡಿಲೀಟ್-ಪ್ರೊಸೆಸ್ ಮಾಡ್ತೀನಿ, ಆದ್ರೂ ಅದರ ಸೆಂಟಿನೆಲ್ (ಪ್ರೊಸೆಸ್‌ನ ಸ್ಥಿತಿ ಬದಲಾದಾಗ ಓಡೋ ಫಂಕ್ಷನ್) ಓಡಿ ಹೊಸ ವಾರ್ನಿಂಗ್‌ಗಳನ್ನ ಅಳಿಸಿ ಹಾಕುತ್ತೆ!

ಹಳೇಲಿಸ್ಪ್:
ಕೊಂದ್ರೂ ಸೆಂಟಿನೆಲ್ ಓಡುತ್ತೆ, ಸತ್ತ ಸುದ್ದಿ ಹೇಳೋದೇ ಅದರ ಕೆಲ್ಸ. ಹೊಸ ಪ್ರೊಸೆಸ್‌ನ ಒಂದು ಬಫರ್-ಲೋಕಲ್ ವೇರಿಯಬಲ್‌ನಲ್ಲಿ ಇಡಿ, ಸೆಂಟಿನೆಲ್‌ನ ಮೊದಲ ಸಾಲಲ್ಲೇ ‘ಬಂದವನು ಅವನೇನಾ’ ಅಂತ ಈಕ್ಯೂ (ಎರಡೂ ಒಂದೇನಾ ಅಂತ ನೋಡೋ ಫಂಕ್ಷನ್) ಹಾಕಿ ನೋಡಿ, ಅಲ್ಲ ಅಂದ್ರೆ ಬಾಗಿಲಲ್ಲೇ ವಾಪಸ್. ಹೋಲಿಸುವಾಗ ಸೋರ್ಸ್ ಬಫರ್ ಒಳಗಿರಿ, ಇಲ್ಲಾಂದ್ರೆ ಬೇರೆ ಯಾವ್ದೋ ಬಫರ್‌ನ ವೇರಿಯಬಲ್ ಓದ್ತೀರ. ಆಮೇಲೆ "ಫಿನಿಶ್ಡ್" ಅನ್ನೋ ಸ್ಟ್ರಿಂಗ್ ಹೋಲಿಸ್ಬೇಡಿ, ಪ್ರೊಸೆಸ್-ಸ್ಟೇಟಸ್ ಎಕ್ಸಿಟ್ಟಾ ಸಿಗ್ನಲ್ಲಾ ನೋಡಿ. ಎಸ್‌ಟಿಡಿಎರರ್‌ನ (ಪ್ರೋಗ್ರಾಂ ತನ್ನ ಎರರ್ ಸಂದೇಶ ಕಳಿಸೋ ದಾರಿ) ಬೇರೆ ಮಾಡಿದ್ರೆ ಅದು ಇನ್ನೊಂದು ಪೈಪ್ ಪ್ರೊಸೆಸ್, ಮುಖ್ಯ ಪ್ರೊಸೆಸ್ ಮುಗಿದ್ಮೇಲೂ ಅದರಲ್ಲಿ ಸಾಲು ಬಾಕಿ ಇರಬಹುದು.

ರಾತ್ರಿಪಾಳಿ:
ಈಕ್ಯೂ ಹಾಕ್ದೆ, ಹತ್ತು ಸಲ ಸೇವ್ ಕುಟ್ಟಿ ನೋಡ್ದೆ, ಒಂದೂ ಅಳಿಸಿಲ್ಲ. ಎಸ್‌ಟಿಡಿಎರರ್ ನಾನು ಬೇರೆ ಮಾಡೇ ಇರ್ಲಿಲ್ಲ, ಜೆಸನ್ ಮಧ್ಯೆ ಒಂದೊಂದ್ಸಲ ಬರ್ತಿದ್ದ ಆ ವಿಚಿತ್ರ ಸಾಲು ಅದೇ ಅನ್ಸುತ್ತೆ, ಇವತ್ತು ರಾತ್ರಿ ಅದಕ್ಕೆ ಕೈ ಹಾಕ್ತೀನಿ.