ಸಾಲ್ಮೊನೆಲ್ಲಾಗೆ ಮೆಗ್ನೀಸಿಯಂ ನಿಜವಾಗಿ ಕಡಿಮೆ ಬಿದ್ದಿದೆಯಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಎಂಜಿಟಿ-ಎ ಜೀನ್‌ಗೆ (ಮೆಗ್ನೀಸಿಯಂ ಒಳಗೆಳೆಯುವ ಪ್ರೋಟೀನಿನ ಜೀನ್) ಲ್ಯಾಕ್-ಜೆಡ್ (ಆನ್ ಆದರೆ ಬಣ್ಣ ತೋರಿಸುವ ಗುರುತಿನ ಜೀನ್) ಜೋಡಿಸಿದ್ದೇನೆ. 10 ಮಿಲಿಮೋಲಾರ್ ಮೆಗ್ನೀಸಿಯಂನಲ್ಲಿ ಅದು ಆಫ್ ಇರಬೇಕು, 10 ಮೈಕ್ರೋಮೋಲಾರ್‌ನಲ್ಲಿ ಆನ್ ಆಗಬೇಕು. ನನಗೆ ಎರಡರಲ್ಲೂ ಆಫ್. ಎರಡು ತಿಂಗಳಾಯಿತು. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನನಗೂ ಹೀಗೇ ಆಗಿತ್ತು. ರಾತ್ರಿಯೆಲ್ಲ ಎಲ್‌ಬಿ ಎಂಬ ಸಾಮಾನ್ಯ ಪೌಷ್ಟಿಕ ಮಾಧ್ಯಮದಲ್ಲಿ ಬೆಳೆದ ಕಲ್ಚರನ್ನು ನೇರವಾಗಿ ಹೊಸ ಮಾಧ್ಯಮಕ್ಕೆ ಹಾಕುತ್ತಿದ್ದೆ. ಎಲ್‌ಬಿ ಜೊತೆ ಬಂದ ಚೂರು ಮೆಗ್ನೀಸಿಯಂ ಸಾಕು, 10 ಮೈಕ್ರೋಮೋಲಾರ್ ಲೆಕ್ಕ ತಪ್ಪಿಹೋಗುತ್ತದೆ. ಮೆಗ್ನೀಸಿಯಂ ಇಲ್ಲದ ಮಾಧ್ಯಮದಲ್ಲಿ ಮೂರು ಸಲ ತೊಳೆದೆ, ನಾಲ್ಕು ಗಂಟೆ ಬೆಳೆಸಿದೆ. ಆಗ ಬಣ್ಣ ಬಂತು. ಪ್ಲೇಟ್ ಮೇಲೆ ಮಾಡುವುದಾದರೆ ಅಗರ್ ಬೇಡ, ಅದರಲ್ಲೇ ಮೆಗ್ನೀಸಿಯಂ ಇರುತ್ತದೆ. ಅಗರ್‌ನಿಂದಲೇ ಶುದ್ಧೀಕರಿಸಿದ ಅಗರೋಸ್ ಹಾಕಿ.

ಉತ್ತರ: ತೊಳೆಯುವುದು ಸರಿ. ಆದರೆ ನೀವು ಜೋಡಿಸಿರುವ ತುಣುಕು ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಮೊದಲು ನೋಡಿ. ಈ ಬ್ಯಾಕ್ಟೀರಿಯಾ ಮೆಗ್ನೀಸಿಯಂ ಅನ್ನು ಎರಡು ಕಡೆ ಅಳೆಯುತ್ತದೆ, ಅಲ್ವಾ? ಹೊರಗಿನದನ್ನು ಅಳೆಯುವುದು ಒಳಪೊರೆಯಲ್ಲಿ ಕೂತ ಫೋ-ಕ್ಯೂ ಎಂಬ ಸಂವೇದಕ ಪ್ರೋಟೀನ್. ಮೆಗ್ನೀಸಿಯಂ ಜಾಸ್ತಿ ಇದ್ದರೆ ಅದು ತಣ್ಣಗಿರುತ್ತದೆ. ಕಡಿಮೆಯಾದರೆ ಫೋ-ಪಿ ಎಂಬ ಜೊತೆಗಾರ ಪ್ರೋಟೀನ್‌ಗೆ ಫಾಸ್ಫೇಟ್ ದಾಟಿಸಿ, ಅದರ ಮೂಲಕ ಜೀನ್‌ಗಳನ್ನು ಎಬ್ಬಿಸುತ್ತದೆ. ಇದನ್ನು 1996ರಲ್ಲಿ ಎಡ್ವರ್ಡೋ ಗ್ರೋಯಿಸ್ಮನ್ ಅವರ ತಂಡ ತೋರಿಸಿತು. 2006ರಲ್ಲಿ ಅದೇ ತಂಡ ಇನ್ನೊಂದನ್ನು ಹೇಳಿತು: ಎಂಜಿಟಿ-ಎ ಸಂದೇಶದ ಆರ್‌ಎನ್‌ಎಗೆ ಉದ್ದನೆಯ ತಲೆಭಾಗವಿದೆ (ಪ್ರೋಟೀನ್ ಸಂಕೇತಕ್ಕೂ ಮುಂಚಿನ ತುಣುಕು), ಅದು ಕೋಶದ ಒಳಗಿನ ಮೆಗ್ನೀಸಿಯಂ ನೋಡುತ್ತದೆ. ಒಳಗೆ ಸಾಕಷ್ಟಿದ್ದರೆ ನಕಲು ಅರ್ಧಕ್ಕೇ ನಿಲ್ಲುತ್ತದೆ. ಅಂದರೆ ಫೋ-ಪಿ ಹೌದೆಂದರೂ ನಿಮ್ಮ ಲ್ಯಾಕ್-ಜೆಡ್‌ವರೆಗೆ ಸಂದೇಶ ಮುಟ್ಟುವುದೇ ಇಲ್ಲ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಹಾಗಾಗಿ ಎರಡು ಜೋಡಣೆ ಮಾಡಿ. ಒಂದರಲ್ಲಿ ಪ್ರೊಮೋಟರ್ (ನಕಲು ಶುರುವಾಗುವ ಡಿಎನ್‌ಎ ಭಾಗ) ಮಾತ್ರ, ಇನ್ನೊಂದರಲ್ಲಿ ತಲೆಭಾಗವೂ ಇರಲಿ. ಮೊದಲನೆಯದು ಆನ್, ಎರಡನೆಯದು ಆಫ್ ಬಂದರೆ ಕೋಶದೊಳಗೆ ಮೆಗ್ನೀಸಿಯಂ ಇನ್ನೂ ಉಳಿದಿದೆ ಅಂತ ಅನುಮಾನಿಸಿ. ಕಾಸಾಮಿನೋ ಆಸಿಡ್ (ಮಾಧ್ಯಮಕ್ಕೆ ಸೇರಿಸುವ ಅಮೈನೋ ಆಮ್ಲಗಳ ಮಿಶ್ರಣ) ಎಷ್ಟು ಹಾಕುತ್ತೀರಿ ಅನ್ನುವುದನ್ನೂ ಬರೆದಿಡಿ. ಆ ತಲೆಭಾಗ ಪ್ರೋಲಿನ್ ಎಂಬ ಅಮೈನೋ ಆಮ್ಲಕ್ಕೂ ಸ್ಪಂದಿಸುತ್ತದೆ, ಕಾಸಾಮಿನೋದಲ್ಲಿ ಪ್ರೋಲಿನ್ ಇದೆ. ಪಿಎಚ್ ಕೂಡ 7.4ರ ಹತ್ತಿರ ಹಿಡಿದಿಡಿ. ಮಾಧ್ಯಮ ಹುಳಿಯಾದರೂ ಫೋ-ಕ್ಯೂ ಏಳುತ್ತದೆ.

ಉತ್ತರ: ಫೋ-ಪಿ ಇಲ್ಲದ ತಳಿಯನ್ನು ಪ್ರತಿಸಲವೂ ಪಕ್ಕದಲ್ಲಿ ಬೆಳೆಸಿ. ಮೆಗ್ನೀಸಿಯಂ ನಿಜಕ್ಕೂ ಕಡಿಮೆಯಿದ್ದರೆ ಅದು ಬೆಳೆಯಲು ಒದ್ದಾಡುತ್ತದೆ. ಆರಾಮಾಗಿ ಬೆಳೆದರೆ ನಿಮ್ಮ ಫ್ಲಾಸ್ಕಿನಲ್ಲಿ ಮೆಗ್ನೀಸಿಯಂ ಇದೆ.