ಸಂಕ್ರಾಂತಿಗೆ ಚಿಕ್ಕ ಮಕ್ಕಳ ಕೈಯಲ್ಲಿ ಏನೇನು ಮಾಡಿಸಬಹುದು? ತಿಳಿದವರು ಹೇಳಿ

ಪ್ರಶ್ನೆ (ಬೆಂಗಳೂರು): ಹಬ್ಬಕ್ಕೆ ಇನ್ನೂ ಮೂರು ವಾರ ಇದೆ. ಮನೆಯಲ್ಲಿ ಆರು ವರ್ಷದ ಮಗಳು, ಎರಡೂವರೆ ವರ್ಷದ ಮಗ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅಪಾರ್ಟ್‌ಮೆಂಟ್ ವಾಸ, ಬಿಸಿಲು ಕಮ್ಮಿ. ಅಂಗಡಿಯ ಪ್ಯಾಕೆಟ್ ಎಳ್ಳು ತಂದು ಹಂಚುವ ಬದಲು ಈ ಸಲ ಮನೆಯಲ್ಲೇ ಮಾಡಿ, ಮಗಳ ಕೈಯಲ್ಲಿ ಇಪ್ಪತ್ತು ಮನೆಗೆ ಎಳ್ಳು ಬೀರಿಸಬೇಕು, ಮಗನ ತಲೆ ಮೇಲೆ ಎಲಚಿ ಹಣ್ಣು ಎರೆಯಬೇಕು ಅಂತ ಆಸೆ. ಮಕ್ಕಳು ಬರೀ ನೋಡುತ್ತ ನಿಲ್ಲದೆ ತಾವೂ ಕೈಹಾಕಬೇಕು. ಅಳತೆ, ಕ್ರಮ, ಎಲ್ಲಿ ಕೆಡುತ್ತೆ ಅನ್ನೋದು ತಿಳಿಸಿ.

ಮೈಸೂರಿನಿಂದ: ಮೊದಲು ಅಳತೆ. ಮನೆಗೆ 75 ಗ್ರಾಂ ಪೊಟ್ಟಣ ಅಂತ ಲೆಕ್ಕ ಹಾಕಿದರೆ ಇಪ್ಪತ್ತು ಮನೆಗೆ ಒಂದೂವರೆ ಕಿಲೋ ಬೇಕು. ಕೊಬ್ಬರಿ 500 ಗ್ರಾಂ, ಕಡಲೆಕಾಯಿ ಬೀಜ 400, ಹುರಿಗಡಲೆ 300, ಬೆಲ್ಲ 300, ಬಿಳಿ ಎಳ್ಳು 100. ಒಟ್ಟು 1600 ಗ್ರಾಂ ಆಗುತ್ತೆ; ಕೊಬ್ಬರಿಯ ಕಂದು ಸಿಪ್ಪೆ, ಬೀಜದ ಸಿಪ್ಪೆ ಹೋದರೆ ಲೆಕ್ಕ ಸರಿಹೋಗುತ್ತೆ. ಹೆಸರು ಎಳ್ಳಿನದಾದರೂ ಅದನ್ನು ಜಾಸ್ತಿ ಹಾಕಬೇಡಿ, ಎಲ್ಲಾ ಪೊಟ್ಟಣದ ತಳಕ್ಕೆ ಇಳಿದು ಕೂರುತ್ತೆ.

ಕೊಬ್ಬರಿ, ಬೆಲ್ಲ ಹತ್ತು ದಿನ ಮುಂಚೆ ಶುರು ಮಾಡಿ. ಅದಕ್ಕೂ ಮುಂಚೆ ಬೇಡ, ಕತ್ತರಿಸಿಟ್ಟ ಕೊಬ್ಬರಿ ಕನರು ವಾಸನೆಗೆ ತಿರುಗುತ್ತೆ. ತಿಪಟೂರಿನ ಕಡೆಯ ಗಟ್ಟಿ ಕೊಬ್ಬರಿ ಸಿಕ್ಕರೆ ಒಳ್ಳೆಯದು. ಒತ್ತಿದಾಗ ಮೆತ್ತಗೆ ಬಾಗುವ, ಒಳಗೆ ಹಳದಿ ಮಚ್ಚೆ ಇರುವ ಬಟ್ಟಲು ಬೇಡ. ಕಂದು ಸಿಪ್ಪೆಯನ್ನು ತುರಿಮಣೆಯ ಸಣ್ಣ ತೂತಿನ ಬದಿಯಲ್ಲಿ ಉಜ್ಜಿ ತೆಗೆದು, ಆ ಪುಡಿಯನ್ನು ಚಟ್ನಿಪುಡಿಗೆ ಎತ್ತಿಡಿ. ಮೊದಲು ಉದ್ದಕ್ಕೆ ಸೀಳಿ, ಆಮೇಲೆ ಅಡ್ಡ ಕತ್ತರಿಸಿದರೆ ತುಂಡು ಒಂದೇ ಸಮ ಬರುತ್ತೆ. ಬಿಸಿಲಿಲ್ಲದಿದ್ದರೆ ಎರಡು ದಿನ ಫ್ಯಾನ್ ಕೆಳಗೆ ಹರಡಿ, ಕೊನೆಗೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಬೆಚ್ಚಗೆ ಮಾಡಿ. ಬಣ್ಣ ಬದಲಾಗಬಾರದು.

ಬೆಲ್ಲ ಗಟ್ಟಿ ಅಚ್ಚು ಬೆಲ್ಲವೇ ಆಗಬೇಕು. ಮೆತ್ತನೆಯ ಉಂಡೆ ಬೆಲ್ಲ ಇದಕ್ಕೆ ಆಗೋದಿಲ್ಲ, ಚೂರು ಚೂರಾಗಿ ಅಂಟಿಕೊಳ್ಳುತ್ತೆ. ಅಡಕೊತ್ತಿನಲ್ಲಿ ಹುರಿಗಡಲೆ ಗಾತ್ರಕ್ಕೆ ಕತ್ತರಿಸಿ, ಒಂದು ಚಮಚ ಹುರಿಗಡಲೆ ಹಿಟ್ಟು ಉದುರಿಸಿ ಹೊರಳಿಸಿಟ್ಟರೆ ಒಂದಕ್ಕೊಂದು ಅಂಟೋದಿಲ್ಲ.

ಕಡಲೆಕಾಯಿ ಬೀಜ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಹುರಿಯಿರಿ, ಮಧ್ಯಮಕ್ಕಿಂತ ಕಮ್ಮಿ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ. ದೊಡ್ಡ ಉರಿ ಇಟ್ಟರೆ ಸಿಪ್ಪೆ ಕಪ್ಪಾದರೂ ಒಳಗೆ ಹಸಿ ಉಳಿಯುತ್ತೆ. ಪೂರ್ತಿ ಆರಿದ ಮೇಲೆ ಒಗೆದ ಒರಟು ಬಟ್ಟೆಯೊಳಗೆ ಗಂಟು ಕಟ್ಟಿ ಮಗಳ ಕೈಗೆ ಕೊಡಿ. ಉಜ್ಜೋದು, ಮೊರದಲ್ಲಿ ಹಾಕಿ ಬಾಲ್ಕನಿಯಲ್ಲಿ ಸಿಪ್ಪೆ ಊದೋದು, ಬೀಜ ಎರಡು ಹೋಳು ಮಾಡೋದು ಆರು ವರ್ಷದವರಿಗೆ ಹೇಳಿ ಮಾಡಿಸಿದ ಕೆಲಸ. ಒಂದು ಸಂಜೆಗೆ 200 ಗ್ರಾಂ ಸಾಕು, ಹೆಚ್ಚು ಕೊಟ್ಟರೆ ಬೇಸರ ಬಂದು ಅರ್ಧಕ್ಕೇ ಎದ್ದು ಹೋಗುತ್ತಾರೆ. ಎಳ್ಳು ಎರಡು ಮೂರು ನಿಮಿಷ, ಚಟಪಟ ಅಂದ ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಕಹಿ.

ಎಲ್ಲಾ ಬೆರೆಸೋದು ಹಿಂದಿನ ರಾತ್ರಿ, ಬೆಲ್ಲ ಕೊನೆಗೆ. ಬೀಜದಲ್ಲಿ ಸ್ವಲ್ಪ ಬಿಸಿ ಉಳಿದಿದ್ದರೂ ಬೆಲ್ಲ ನೀರೊಡೆದು ಮರುದಿನಕ್ಕೆ ಇಡೀ ಡಬ್ಬ ಒಂದು ಗಡ್ಡೆ. ಮನೆ ಎಳ್ಳು ಕೆಡೋದು ಮುಕ್ಕಾಲು ಪಾಲು ಇದೊಂದೇ ಕಾರಣಕ್ಕೆ.

ಹಾಸನದಿಂದ: ಸಕ್ಕರೆ ಅಚ್ಚಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಬರೀತೀನಿ. ಚಿಕ್ಕ ಅಚ್ಚು ಒಂದಕ್ಕೆ 20 ಗ್ರಾಂ ಹಿಡಿದರೆ ಒಂದು ಕಿಲೋ ಸಕ್ಕರೆಗೆ ನಲವತ್ತಕ್ಕೂ ಮೇಲೆ ಬರುತ್ತವೆ, ಇಪ್ಪತ್ತು ಮನೆಗೆ ಎರಡೆರಡು. ಮರದ ಅಚ್ಚುಗಳನ್ನು ಎರಡು ಗಂಟೆ ನೀರಲ್ಲಿ ನೆನೆಸಿ, ಹೊಸದಾದರೆ ಇಡೀ ರಾತ್ರಿ. ಒಣ ಮರ ಪಾಕವನ್ನು ಹೀರಿ ಹಿಡಿದುಕೊಳ್ಳುತ್ತೆ, ಬಿಡಿಸುವಾಗ ಗಿಳಿಯ ಕೊಕ್ಕು ಅಚ್ಚಲ್ಲೇ ಉಳಿಯುತ್ತೆ. ನೆನೆದ ಮೇಲೆ ನೀರು ಒದರಿ, ಎರಡು ಹೋಳು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ಈ ಕೆಲಸ ಮಗಳದು.

ಸಕ್ಕರೆ ಮುಳುಗುವಷ್ಟೇ ನೀರು ಹಾಕಿ ಕುದಿಸಿ, ಅರ್ಧ ಲೋಟ ಹಾಲು ಹುಯ್ಯಿರಿ. ಕೊಳೆ ನೊರೆಯಾಗಿ ಮೇಲೆ ಬರುತ್ತೆ, ತೆಗೆದು ತೆಳು ಬಟ್ಟೆಯಲ್ಲಿ ಸೋಸಿ. ಇಲ್ಲಿಂದ ಮುಂದೆ ಎಲ್ಲವನ್ನೂ ಒಟ್ಟಿಗೆ ಕಾಯಿಸಬಾರದು. ಚಿಕ್ಕ ಬಾಣಲೆಗೆ ಎರಡು ಸೌಟು ಪಾಕ, ಎರಡು ಮೂರು ಹನಿ ನಿಂಬೆರಸ. ತಿರುವುತ್ತಾ ಹೋಗಿ, ಬಾಣಲೆಯ ಅಂಚಿನಲ್ಲಿ ಬೆಳ್ಳಗೆ ಕಟ್ಟಲು ಶುರುವಾದ ಕ್ಷಣ ಅಚ್ಚಿಗೆ ಸುರಿಯಿರಿ. ಅರ್ಧ ನಿಮಿಷ ತಡವಾದರೆ ಬಾಣಲೆಯಲ್ಲೇ ಗಟ್ಟಿ. ಆಗ ಒಂದು ಸೌಟು ನೀರು ಹಾಕಿ ಕರಗಿಸಿ ಮತ್ತೆ ಶುರು ಮಾಡಬಹುದು, ಏನೂ ನಷ್ಟ ಇಲ್ಲ. ಬೇಗ ಸುರಿದರೆ ಅಚ್ಚು ಒಳಗೆ ಒದ್ದೆ ಉಳಿದು ಮುರಿಯುತ್ತೆ. ನಿಂಬೆರಸ ಜಾಸ್ತಿಯಾದರೆ ಸಕ್ಕರೆ ಹರಳುಗಟ್ಟೋದೇ ಇಲ್ಲ, ಅಂಟಾಗಿಯೇ ಇರುತ್ತೆ. ಹತ್ತು ಹದಿನೈದು ನಿಮಿಷದಲ್ಲಿ ಬಿಡಿಸಬಹುದು.

ಪಾಕ ಕಾಯುವಾಗ ಇಬ್ಬರು ಮಕ್ಕಳೂ ಅಡುಗೆಮನೆಯಿಂದ ಹೊರಗೆ. ಕುದಿಯುವ ನೀರಿಗಿಂತ ಬಿಸಿ ಇರುತ್ತೆ, ಮೈಗೆ ಬಿದ್ದರೆ ಜಾರಿ ಹೋಗದೆ ಅಂಟಿ ಸುಡುತ್ತೆ. ಬಿಡಿಸೋದಕ್ಕೆ ಮಾತ್ರ ಕರೀರಿ. ಆನೆ ಬಂತೋ ಗೋಪುರ ಬಂತೋ ಅನ್ನೋ ಕುತೂಹಲ ಇರೋದೇ ಅಲ್ಲಿ.

ಬೆಂಗಳೂರಿನ ಇನ್ನೊಬ್ಬರು: ಮೇಲಿನವರ ಕ್ರಮ ಸರಿ, ಆದರೆ ಕೆಲಸಕ್ಕೆ ಹೋಗುವವರಿಗೆ ನನ್ನ ಸಲಹೆ ಬೇರೆ. ಸಕ್ಕರೆ ಅಚ್ಚು ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಕೊಂಡುಬಿಡಿ. ಅದರಲ್ಲಿ ಮಕ್ಕಳ ಪಾಲು ಕಮ್ಮಿ, ದೊಡ್ಡವರ ಸಿಡುಕು ಜಾಸ್ತಿ. ಆ ಸಮಯವನ್ನು ಹಿದುಕಿದ ಬೇಳೆಗೆ ಕೊಡಿ. ಅವರೆಕಾಳು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಕೊಟ್ಟರೆ, ಹಿಸುಕಿದಾಗ ಕಾಳು ಚಿಮ್ಮೋದು ನೋಡೋಕೇ ಇಬ್ಬರೂ ಅರ್ಧ ಗಂಟೆ ಕೂರುತ್ತಾರೆ. ಚಿಕ್ಕವನು ಹಸಿ ಕಾಳು ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲಿ ಒಬ್ಬರು ಇರಲಿ. ಆ ಬೇಳೆಯಲ್ಲೇ ಖಾರದ ಪೊಂಗಲ್ ಮಾಡಿದರೆ ಹಬ್ಬದ ಅಡುಗೆಯಲ್ಲಿ ಅವರ ಕೈಯೂ ಸೇರಿದಂತಾಯ್ತು.

ಎಳ್ಳು ಬೀರೋದು ನಾಲ್ಕೂವರೆಗೆ ಶುರು ಮಾಡಿ, ಚಿಕ್ಕವನ ನಿದ್ದೆ ಮುಗಿದಿರಬೇಕು. ಇಪ್ಪತ್ತೂ ಮನೆ ಒಂದೇ ಸಂಜೆ ಬೇಡ. ಸಂಕ್ರಾಂತಿ ದಿನ ಹತ್ತು, ಮಿಕ್ಕಿದ್ದು ಮರುದಿನ. ಹಿತ್ತಾಳೆ ತಟ್ಟೆ ಮಕ್ಕಳ ಕೈಗೆ ಭಾರ, ಕಬ್ಬಿನ ತುಂಡು ಉರುಳಿ ಬೀಳುತ್ತೆ. ಹಿಡಿ ಇರುವ ಬೆತ್ತದ ಬುಟ್ಟಿ ಕೊಡಿ. ಪೊಟ್ಟಣ, ಅಚ್ಚು, ಗೇಣುದ್ದದ ಕಬ್ಬು, ಬಾಳೆಹಣ್ಣು, ಎಲೆ ಅಡಿಕೆ ಐದೈದು ಮನೆಗೆ ಜೋಡಿಸಿ, ಖಾಲಿಯಾದಂತೆ ತುಂಬಿ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಹೇಳೋದನ್ನು ಒಂದು ವಾರ ಮುಂಚೆ ಅಭ್ಯಾಸ ಮಾಡಿಸಿ. ಹೆಣ್ಣುಮಕ್ಕಳೇ ಬೀರಬೇಕು ಅನ್ನೋ ರೂಢಿ ಇದೆ, ನಿಜ. ಮಗನ ಕೈಗೂ ಒಂದು ಪುಟ್ಟ ಬುಟ್ಟಿ ಕೊಟ್ಟರೆ ಯಾವ ದೇವರೂ ಮುನಿಯೋದಿಲ್ಲ.

ತುಮಕೂರಿನಿಂದ: ಎಲಚಿ ಹಣ್ಣು ಎರೆಯೋದರ ಬಗ್ಗೆ. ಸಾಮಾನ್ಯವಾಗಿ ಐದು ವರ್ಷದವರೆಗೆ ಮಾಡುತ್ತಾರೆ, ಅಂದರೆ ನಿಮ್ಮ ಮಗನಿಗೆ ಇನ್ನು ಎರಡು ಮೂರು ಸಲ ಮಾತ್ರ. ಅದಕ್ಕೇ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಸಾಮಗ್ರಿಯಲ್ಲಿ ಹಗುರವಾದದ್ದೇ ಹೆಚ್ಚಿರಲಿ: ನಾಲ್ಕು ಲೋಟ ಕಡಲೆಪುರಿ, ಎರಡು ಹಿಡಿ ಸೇವಂತಿಗೆ ಎಸಳು, ಕಾಲು ಕಿಲೋ ಎಲಚಿ ಹಣ್ಣು, ಅರ್ಧ ಗೆಣ್ಣು ಕಬ್ಬಿನ ಸಣ್ಣ ಚೂರು. ಬರೀ ಹಣ್ಣು ಕಬ್ಬು ಸೇರಿನಲ್ಲಿ ತುಂಬಿ ಮೇಲಿಂದ ಸುರಿದರೆ ತಲೆಗೆ ಪೆಟ್ಟು, ಮಗು ಅಳುತ್ತೆ, ಫೋಟೋದಲ್ಲೂ ಅಳುತ್ತೆ. ಬೊಗಸೆಯಲ್ಲಿ ತುಂಬಿ, ತಲೆಯಿಂದ ಒಂದು ಗೇಣು ಮೇಲೆ ಮಾತ್ರ ಹಿಡಿದು, ಹಿಂದಿನಿಂದ ಎರೆಯಿರಿ. ಮೊದಲು ಅಕ್ಕನಿಗೋ ಗೊಂಬೆಗೋ ಎರೆದು ತೋರಿಸಿದರೆ ಹೆದರಿಕೆ ಹೋಗುತ್ತೆ. ನೆಲಕ್ಕೆ ಹಳೆ ಸೀರೆ ಹಾಸಿ, ಮಣೆ ಇಡಿ. ಮುಗಿದ ಮೇಲೆ ನಾಲ್ಕು ಮೂಲೆ ಎತ್ತಿದರೆ ಗುಡಿಸುವ ಕೆಲಸ ಇಲ್ಲ.

ಸುತ್ತ ಕೂತ ಮಕ್ಕಳು ಬಿದ್ದದ್ದನ್ನು ಆಯ್ದುಕೊಳ್ಳೋದು ಇದರ ನಿಜವಾದ ಮೋಜು. ನಾಲ್ಕು ವರ್ಷದ ಒಳಗಿನವರು ಯಾರಾದರೂ ಇದ್ದರೆ ಚಿಲ್ಲರೆ ಕಾಸು ಹಾಕಲೇಬೇಡಿ. ಎಲಚಿ ಬೀಜ, ಇಡೀ ಕಡಲೆಕಾಯಿ ಬೀಜ, ಕಬ್ಬಿನ ಚೂರು ಕೂಡ ಅವರ ಬಾಯಿಗೆ ಹೋಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರವೇ ಅದು. ಎರಡೂವರೆ ವರ್ಷದವನಿಗೆ ಮಿಶ್ರಣವನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ತುಪ್ಪ ಹಾಕಿ, ಬೆರಳಲ್ಲಿ ಒತ್ತಿದರೆ ಹರಡುವಷ್ಟು ಮೆತ್ತನೆಯ ಪುಟ್ಟ ಉಂಡೆ ಕಟ್ಟಿಕೊಡಿ. ಎಳ್ಳು, ಕಡಲೆಕಾಯಿ ಮೊದಲ ಸಲ ತಿನ್ನುತ್ತಿದ್ದರೆ ಹಬ್ಬದ ದಿನ ಬೇಡ, ಮುಂಚೆಯೇ ಚಿಟಿಕೆ ಕೊಟ್ಟು ನೋಡಿರಬೇಕು.

ಧಾರವಾಡದಿಂದ: ನಮ್ಮ ಕಡೆ ಇದನ್ನ ಕರಿ ಎರಿಯೂದು ಅಂತಾರ್ರಿ. ಸಣ್ಣ ಮಕ್ಕಳಿಗೆ ಕುಸುರೆಳ್ಳಿನ ಸರ, ಕಿರೀಟ ಹಾಕಿ ಕೂಡಸ್ತಾರ. ಕುಸುರೆಳ್ಳು ಮನ್ಯಾಗ ಮಾಡೂದು ಸಣ್ಣ ಕೆಲಸ ಅಲ್ಲ: ಎಳ್ಳು ಬೆಚ್ಚಗ ಇಟ್ಟು, ಒಂದೆಳಿ ಪಾಕ ಒಂದೊಂದ ಚಮಚಾ ಹಾಕಿ, ಆರಿದ ಮ್ಯಾಲ ಮತ್ತೊಂದ ಚಮಚಾ, ಹಗೂರಕ ಕೈಯಾಡಿಸ್ಕೋತ ದಿನಗಟ್ಟಲೆ ಮಾಡಬೇಕು. ನಸುಕಿನ ಥಂಡಿಯೊಳಗ ಮಾಡಿದ್ರ ಮುಳ್ಳು ಚೊಲೊ ಏಳತಾವ, ಪಾಕ ಒಮ್ಮೆಲೆ ಸುರುವಿದ್ರ ಎಲ್ಲಾ ಮುದ್ದಿ. ಸಣ್ಣ ಹುಡುಗರು ಇರೂ ಮನ್ಯಾಗ ತಂದು ಬಿಡ್ರಿ. ಸರ ಮಾತ್ರ ನೀವ ಮಾಡ್ರಿ: ರಟ್ಟಿಗೆ ಬಣ್ಣದ ಕಾಗದ ಹಚ್ಚಿ, ಅದರ ಮ್ಯಾಲ ಮಗಳ ಕೈಲೆ ಮೈದಾ ಅಂಟಿನಿಂದ ಕುಸುರೆಳ್ಳು ಹಚ್ಚಸ್ರಿ, ಒಂದು ರಾತ್ರಿ ಒಣಗಬೇಕು. ಕೊಳ್ಳಿಗೆ ಗಂಟು ಹಾಕಬ್ಯಾಡ್ರಿ, ಎಳದರ ತಾನ ಬಿಚ್ಚೂಹಂಗ ಸಡಲ ಇರಲಿ.

ಭೋಗಿ ದಿನ ಸಜ್ಜಿ ರೊಟ್ಟಿ ಬಡದು, ಹಂಚಿಗೆ ಹಾಕೂ ಮುಂಚೆ ಎಳ್ಳು ಉದುರಸೂ ಕೆಲಸ ಮಕ್ಕಳಿಗೆ ಕೊಡ್ರಿ. ಹಿಟ್ಟು ಹಸಿ ಇದ್ದಾಗ ಅಂಗೈಲೆ ಒತ್ತಿದ್ರ ಎಳ್ಳು ಹಿಡಿತಾವ, ಇಲ್ಲಾಂದ್ರ ಹಂಚಿನ್ಯಾಗ ಸಿಡೀತಾವ. ಸಂಕ್ರಮಣದ ಜಳಕಕ್ಕ ಎರಡು ಚಮಚಾ ಎಳ್ಳು ಅರ್ಧ ತಾಸು ನೆನಿಸಿ, ಚಿಟಿಕಿ ಅರಿಶಿಣ ಹಾಕಿ ನುಣ್ಣಗ ಅರೀರಿ. ಮಾರಿಗೆ ಹಚ್ಚಬ್ಯಾಡ್ರಿ, ಕಣ್ಣಾಗ ಹೋದ್ರ ಉರೀತದ, ಮುಂದಿನ ವರ್ಷ ಜಳಕಕ್ಕ ಬರಂಗಿಲ್ಲ.

ನ್ಯೂಜೆರ್ಸಿಯಿಂದ: ಹೊರದೇಶದಲ್ಲಿ ಓದುವವರಿಗೆ ಎರಡು ಮಾತು. ಇಲ್ಲಿ ಎಷ್ಟೋ ಡೇಕೇರ್‌ಗಳಲ್ಲಿ ಕಡಲೆಕಾಯಿ ನಿಷಿದ್ಧ. ಎಳ್ಳು ಕೂಡ 2023ರ ಜನವರಿ 1ರಿಂದ ಅಮೆರಿಕದಲ್ಲಿ ಪೊಟ್ಟಣದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿ ಪದಾರ್ಥ. ಅದಕ್ಕೇ ತರಗತಿಗೆ ಎಳ್ಳು ಬೆಲ್ಲ ಕಳಿಸೋದು ಬೇಡ, ಮನೆಗಳಿಗೆ ಬೀರೋದಕ್ಕೆ ಮಾತ್ರ ಇರಲಿ. ಕನ್ನಡೇತರ ನೆರೆಯವರಿಗೆ ಕೊಡುವಾಗ ಒಳಗಿರುವ ಐದೂ ಪದಾರ್ಥ ಬರೆದ ಚೀಟಿ ಹಚ್ಚಿ. ಕೊಬ್ಬರಿ ಒಣಗಿಸೋಕೆ ಓವನ್‌ನ ಅತಿ ಕಮ್ಮಿ ಶಾಖದಲ್ಲಿ ಇಪ್ಪತ್ತು ನಿಮಿಷ, ಬಾಗಿಲು ಸ್ವಲ್ಪ ತೆರೆದು. ಕಬ್ಬಿನ ತುಂಡು ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತೆ. ಎಲಚಿ ಸಿಗದಿದ್ದರೆ ಪುರಿ, ಹೂವಿನ ಎಸಳಿಗೆ ಒಣ ಕ್ರ್ಯಾನ್‌ಬೆರಿ ಸೇರಿಸಿ ಎರೆದರೂ ನಡೆಯುತ್ತೆ. ಜನವರಿ 14 ವಾರದ ನಡುವೆ ಬಂದರೆ ಅಂದು ಬೆಳಿಗ್ಗೆ ಪೂಜೆ ಮಾಡಿ, ಎರೆಯೋದು ಬೀರೋದು ಶನಿವಾರಕ್ಕೆ ಇಡಿ. ಹಿಮದಲ್ಲಿ ಮನೆ ಮನೆ ಸುತ್ತಿಸಬೇಡಿ.

ಮಂಡ್ಯದಿಂದ: ಸಂಜೆ ಮಕ್ಕಳಿಗೆ ಕಿಚ್ಚು ಹಾಯಿಸೋದು ತೋರಿಸಬೇಕು ಅಂದ್ರೆ ನಮ್ಮ ಕಡೆ ಹಳ್ಳಿಗೆ ಬನ್ನಿ. ಮೈಸೂರು ಹತ್ತಿರದ ಸಿದ್ದಲಿಂಗಪುರದಲ್ಲೂ ಚೆನ್ನಾಗಿ ನಡೀತದೆ, ಆದರೆ ಜನ ಜಾಸ್ತಿ. ಎಲ್ಲೇ ಹೋದ್ರೂ ಬೆಂಕಿ ದಾಟಿ ಎತ್ತು ನುಗ್ಗೋ ಕಡೆ ನಿಲ್ಲಬೇಡಿ, ಬೆದರಿದ ಎತ್ತು ದಾರಿ ನೋಡಲ್ಲ. ಬೆಂಕಿಗೆ ಪಕ್ಕದಲ್ಲಿ, ಹೊಗೆ ಬರದ ಕಡೆ, ಜಗಲಿ ಮೇಲೆ ನಿಂತ್ಕೊಳ್ಳಿ, ಚಿಕ್ಕೋನು ಹೆಗಲ ಮೇಲಿರಲಿ. ಮಧ್ಯಾಹ್ನ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚೋವಾಗ ಬಂದ್ರೆ ಮಕ್ಕಳಿಗೆ ಇನ್ನೂ ಚೆಂದ, ಬೆಂಕಿ ನೋಡಿದ್ದಕ್ಕಿಂತ ಅದೇ ನೆನಪಿರ್ತದೆ.

ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯರಶ್ಮಿ ಲಿಂಗದ ಮೇಲೆ ಬೀಳೋದು ಅವತ್ತು ಸಂಜೆ ಕೆಲವೇ ನಿಮಿಷ. ಆ ನೂಕುನುಗ್ಗಲಿಗೆ ಕೂಸು ಕಟ್ಟಿಕೊಂಡು ಹೋಗಬೇಡಿ, ಟೀವಿಯಲ್ಲೇ ನೋಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಅಚ್ಚು ಕೊಂಡು ತರ್ತೀವಿ, ಬೀಜ ಮಗಳಿಗೆ, ಅವರೆಕಾಳು ಇಬ್ಬರಿಗೂ. ಮನೆಗೆ ಬರುವ ಬೇರೆಯವರ ಎಳ್ಳು, ಸಕ್ಕರೆ ಅಚ್ಚು ರಾಶಿ ಉಳಿಯುತ್ತಲ್ಲ, ಅದಕ್ಕೇನು ಮಾಡ್ತೀರಿ?

ಮೈಸೂರಿನಿಂದ: ಎಳ್ಳನ್ನು ಎಲ್ಲಾ ಒಟ್ಟು ಮಾಡಿ ತರಿತರಿ ಪುಡಿ ಮಾಡಿ, ಏಲಕ್ಕಿ ಸೇರಿಸಿ ಹೋಳಿಗೆ ಹೂರಣಕ್ಕೆ ಹಾಕಿ. ಪುಡಿ ಮಾಡುವ ಮುಂಚೆ ಒಂದೊಂದು ಪೊಟ್ಟಣವನ್ನೂ ಬಿಡಿಸಿ ಮೂಸಿ ನೋಡಿ, ಕನರು ಕೊಬ್ಬರಿಯ ಒಂದು ಪೊಟ್ಟಣ ಸೇರಿದರೂ ಇಡೀ ಹೂರಣ ಕೆಡುತ್ತೆ. ಬಣ್ಣದ ಅಚ್ಚು ಬೇರೆ, ಬಿಳಿ ಅಚ್ಚು ಬೇರೆ ಡಬ್ಬದಲ್ಲಿಡಿ. ಬಿಳಿಯದನ್ನು ಪಾಯಸಕ್ಕೆ ಸಕ್ಕರೆಯ ಬದಲು ಹಾಕಬಹುದು. ಡಬ್ಬದ ಮುಚ್ಚಳ ಬಿಗಿಯಾಗಿರಲಿ, ಇರುವೆ ಬರೋದು ಎರಡನೇ ದಿನವೇ.