ಚಿಕ್ಕಪ್ಪ, ಎರಡೇ ಸಲಕ್ಕೆ ಬಿಡಬೇಡಿ

ಚಿಕ್ಕಪ್ಪ, ನಿಮ್ಮ ಮೆಸೇಜ್ ನೋಡ್ದೆ. ರಿಟೈರ್ ಆಗಿ ಹೊಸ ಊರಿಗೆ ಬಂದ್ಮೇಲೆ ಮಾತಾಡೋಕೆ ಜನ ಇಲ್ಲ, ಹಾಡಿನ ಕ್ಲಾಸಿಗೆ ಎರಡು ಸಲ ಹೋದೆ, ಯಾರೂ ಮಾತಾಡಿಸ್ಲಿಲ್ಲ, ಬಿಟ್ಬಿಟ್ಟೆ ಅಂತ ಬರ್ದಿದೀರಿ. ಅದರ ಕೆಳಗೆ ಎಲ್ರೂ ‘ಯಾವ್ದಾದ್ರೂ ಕ್ಲಬ್ ಸೇರ್ಕೊಳಿ, ಬ್ಯುಸಿಯಾಗಿರಿ’ ಅಂತ ಹಾಕಿದಾರೆ. ಬ್ಯುಸಿಯಾಗಿರೋದು ಬೇರೆ, ಸ್ನೇಹಿತರು ಸಿಗೋದು ಬೇರೆ. ದಿನಾ ಒಂದೊಂದು ಕಡೆ ಹೋಗಿ ಬಂದ್ರೂ ಒಬ್ಬರ ಹೆಸರೂ ಗೊತ್ತಾಗ್ದೆ ವರ್ಷ ಕಳೀಬಹುದು. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಲ್ಲಿ ಕೇಳಿ.

ಮೊದಲು ಲೆಕ್ಕ ಹೇಳ್ತೀನಿ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋ ಪ್ರೊಫೆಸರ್ 2018ರಲ್ಲಿ ಒಂದು ಅಂದಾಜು ಕೊಟ್ರು. ಬರೀ ಪರಿಚಯ ಇದ್ದೋರು ಸಾಧಾರಣ ಸ್ನೇಹಿತರಾಗೋಕೆ ಸುಮಾರು 50 ಗಂಟೆ ಜೊತೇಲಿ ಕಳೀಬೇಕಂತೆ. ಸ್ನೇಹಿತ ಅಂತ ಬಾಯ್ತುಂಬಾ ಹೇಳೋ ಹಂತಕ್ಕೆ 90, ಆಪ್ತರಾಗೋಕೆ 200ಕ್ಕೂ ಮೇಲೆ. ಅವರು ವಿಚಾರಿಸಿದ್ದು ಆಗತಾನೇ ಊರು ಬದಲಾಯಿಸಿದ ದೊಡ್ಡೋರನ್ನ, ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರನ್ನ. ಹಾಗಾಗಿ ನಿಮ್ಮ ವಯಸ್ಸಿಗೆ ಆಚೀಚೆ ಆದೀತು. ಆದ್ರೂ ನಿಮ್ಮ ಕ್ಲಾಸಿಗೆ ಹಚ್ಚಿ ನೋಡಿ: ಒಂದೂವರೆ ಗಂಟೆಯ ಕ್ಲಾಸು, ಎರಡು ಸಲ, ಅಂದ್ರೆ ಮೂರು ಗಂಟೆ. ವಾರಕ್ಕೊಂದೇ ಸಲ ಹೋದ್ರೆ 50 ಆಗೋಕೆ ಎಂಟು ತಿಂಗಳು ಹಿಡಿಯುತ್ತೆ. ವಾರಕ್ಕೆ ಎರಡು ಸಲ ಹೋಗಿ, ಪ್ರತಿ ಸಲ ಅರ್ಧ ಗಂಟೆ ಹರಟೆಗೆ ನಿಂತ್ರೆ ಮೂರು ತಿಂಗಳಲ್ಲಿ ಮುಗಿಯುತ್ತೆ. ಆ ಅರ್ಧ ಗಂಟೇನೇ ಮುಖ್ಯ. ಒಟ್ಟಿಗೆ ಕೆಲ್ಸ ಮಾಡಿದ ಹೊತ್ತಿಗಿಂತ ಸುಮ್ನೆ ಜೊತೇಲಿ ಕಾಲ ಕಳೆದ ಹೊತ್ತೇ ಸ್ನೇಹಕ್ಕೆ ಹೆಚ್ಚು ಹತ್ತಿರ ತರುತ್ತೆ ಅಂತಾನೂ ಅದೇ ಅಧ್ಯಯನದಲ್ಲಿ ಕಂಡಿದ್ದು.

ಯಾರೂ ಮಾತಾಡಿಸ್ಲಿಲ್ಲ ಅಂದ್ರಲ್ಲ, ಅದಕ್ಕೆ ಜನ ಕಾರಣ ಅಲ್ಲ ಅನ್ಸುತ್ತೆ. ಹಾಡಿನ ಕ್ಲಾಸಲ್ಲಿ ಎಲ್ರ ಮುಖ ಟೀಚರ್ ಕಡೆ, ಬಾಯಿ ಹಾಡೋದ್ರಲ್ಲಿ. ಮುಗಿದ ತಕ್ಷಣ ಚಪ್ಪಲಿ ಹಾಕ್ಕೊಂಡು ಹೊರಡ್ತಾರೆ. ಉಪನ್ಯಾಸ, ಯೋಗ, ಸಿನಿಮಾ ಎಲ್ಲಾ ಇದೇ ಜಾತಿ. ಕೈಗೆ ಕೆಲ್ಸ ಇದ್ದು ಬಾಯಿ ಖಾಲಿ ಇರೋ ಜಾಗ ಹುಡುಕಿ. ತೋಟದ ಕೆಲ್ಸ, ಮರಗೆಲಸ, ಹಳೇ ಸೈಕಲ್ ರಿಪೇರಿ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸೋದು, ಕೇರಂ, ನಡಿಗೆಯ ಗುಂಪು. ಎದುರುಬದುರು ಕೂತು ‘ನಿಮ್ಮ ಬಗ್ಗೆ ಹೇಳಿ’ ಅಂದ್ರೆ ಮಾತು ಹೊರಡೋದಿಲ್ಲ. ಪಕ್ಕಪಕ್ಕದಲ್ಲಿ ಏನೋ ಮಾಡ್ತಿದ್ರೆ ತಾನಾಗೇ ಬರುತ್ತೆ, ಗಂಡಸರಿಗಂತೂ ಹಾಗೇನೇ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ‘ಮೆನ್ಸ್ ಶೆಡ್’ ಅಂತ ಶುರುವಾಗಿದ್ದು ಇದೇ ಲೆಕ್ಕದಲ್ಲಿ: ಒಂದು ಶೆಡ್ಡು, ಒಂದಿಷ್ಟು ಉಪಕರಣ, ಮಾತು ಆಮೇಲೆ.

ಗುಂಪು ಚಿಕ್ಕದಿರ್ಲಿ, ಆರರಿಂದ ಹನ್ನೆರಡು ಜನ. ಮೂವತ್ತು ದಾಟಿದ್ರೆ ಹೋದಾಗೆಲ್ಲ ಪಕ್ಕದಲ್ಲಿ ಹೊಸ ಮುಖ, ಮತ್ತೆ ಮೊದಲಿಂದ ಪರಿಚಯ. ಹಗಲು ಹೊತ್ತಲ್ಲಿ ನಡೆಯೋದು, ಬೇರೆಯವರು ಕರ್ಕೊಂಡು ಹೋಗ್ದೆ ನೀವೇ ಹೋಗಿ ಬರೋ ದೂರದಲ್ಲಿರೋದು ನೋಡ್ಕೊಳಿ. ಕರ್ಕೊಂಡು ಹೋಗೋರ ಮೇಲೆ ನಿಂತ ಹವ್ಯಾಸ ಮೊದಲ ಮಳೆಗಾಲಕ್ಕೇ ನಿಲ್ಲುತ್ತೆ. ಇನ್ನೊಂದು, ಹುರುಪಲ್ಲಿ ನಾಲ್ಕು ಕಡೆ ಸೇರಬೇಡಿ. ಒಂದೇ ಸಾಕು, ಹೆಚ್ಚಂದ್ರೆ ಎರಡು.

ಹೋದ್ಮೇಲೆ ಹತ್ತು ನಿಮಿಷ ಮುಂಚೆ ಇರಿ, ಕುರ್ಚಿ ಹಾಕೋ ಕೆಲ್ಸ ಕೇಳಿ ಇಸ್ಕೊಳಿ. ಸಣ್ಣದು ಅನ್ಕೋಬೇಡಿ. ಸಾಲಾಗಿ ಹಾಕಿದ್ರೆ ಮುಂದಿನೋರ ತಲೆ ಕಾಣುತ್ತೆ, ಅರ್ಧ ಚಂದ್ರಾಕಾರದಲ್ಲಿ ಹಾಕಿದ್ರೆ ಮುಖ ಕಾಣುತ್ತೆ. ಚೆನ್ನಾಗಿ ಕೇಳೋ ಕಿವಿ ಜನರ ಕಡೆ ಬರೋ ಹಾಗೆ, ಬೆನ್ನು ಗೋಡೆಗೆ, ಫ್ಯಾನಿಂದ ದೂರ ಒಂದು ಕುರ್ಚಿ ನಿಮಗೇ ಇಟ್ಕೊಳಿ. ಜೊತೆಗೆ ಕಿವಿ ಪರೀಕ್ಷೆ ಒಂದು ಮಾಡಿಸಿಬಿಡಿ. ಗದ್ದಲದಲ್ಲಿ ಮಾತು ಅರ್ಥ ಆಗ್ದೆ ಸುಮ್ನೆ ನಕ್ಕು ತಲೆಯಾಡಿಸ್ತೀವಿ, ಎದುರಿನೋರು ಇವರಿಗೆ ಆಸಕ್ತಿ ಇಲ್ಲ ಅನ್ಕೋತಾರೆ. ಎಷ್ಟೋ ಸ್ನೇಹ ಅಲ್ಲೇ ನಿಂತುಹೋಗುತ್ತೆ, ಕಾರಣ ಇಬ್ಬರಿಗೂ ಗೊತ್ತಾಗಲ್ಲ.

ಒಂದು ದಿನಕ್ಕೆ ಎರಡೇ ಹೆಸರು ಕಲೀರಿ. ಮನೆಗೆ ಬಂದು ಹೆಸರಿನ ಪಕ್ಕ ಅವರು ಹೇಳಿದ್ದು ಒಂದು ವಿಷಯ ಬರ್ದಿಡಿ, ಮೊಣಕಾಲು ಆಪರೇಷನ್, ಮೊಮ್ಮಗಳ ಪರೀಕ್ಷೆ, ಹೀಗೆ. ಮುಂದಿನ ಸಲ ‘ಪರೀಕ್ಷೆ ಹೇಗಾಯ್ತು?’ ಅಂತ ಕೇಳಿದ್ರೆ ಮುಗೀತು. ಹಳಬರು ನಾಲ್ಕು ಜನ ಒಂದು ಮೂಲೇಲಿ ಗಟ್ಟಿಯಾಗಿ ಕೂತಿರ್ತಾರೆ, ಅಲ್ಲಿಗೆ ನುಗ್ಗೋಕೆ ಹೋಗ್ಬೇಡಿ. ನಿಮ್ಮ ಜೊತೆಗೇ ಹೊಸದಾಗಿ ಸೇರಿದೋರು ಯಾರು ಅಂತ ನೋಡಿ, ಅವರಿಗೂ ಜನ ಬೇಕಾಗಿರುತ್ತೆ.

ನಾಲ್ಕೈದು ಸಲ ಆದ್ಮೇಲೆ ನೀವೇ ಕರೀರಿ. ‘ಯಾವಾಗಾದ್ರೂ ಸಿಗೋಣ’ ಅಂದ್ರೆ ಅದು ಯಾವತ್ತೂ ಆಗಲ್ಲ. ‘ಗುರುವಾರ ಇದು ಮುಗಿದ್ಮೇಲೆ ಅರ್ಧ ಗಂಟೆ ಕೆರೆ ಕಡೆ ನಡೀತೀನಿ, ಬರ್ತೀರಾ?’ ಅನ್ನಿ. ದಿನ, ಹೊತ್ತು, ಜಾಗ, ಎಷ್ಟು ಹೊತ್ತಿಗೆ ಬಿಡುಗಡೆ, ನಾಲ್ಕೂ ಇದ್ರೆ ಒಪ್ಪೋದು ಸುಲಭ. ಎರಡು ಸಲ ಇಲ್ಲ ಅಂದ್ರೆ ಬೇಜಾರಿಲ್ದೆ ಇನ್ನೊಬ್ಬರನ್ನ ಕೇಳಿ. ಅವರಿಗೆ ನಾನು ಹಿಡಿಸಿಲ್ಲ ಅನ್ನೋ ಅನುಮಾನ ಬೇಡ. ಎರಿಕಾ ಬೂತ್‌ಬಿ ಅನ್ನೋ ಮನಃಶಾಸ್ತ್ರಜ್ಞೆ ಮತ್ತು ಜೊತೆಯವರು 2018ರಲ್ಲೇ ಇದನ್ನ ಪರೀಕ್ಷೆ ಮಾಡಿದ್ರು: ಮೊದಲ ಸಲ ಮಾತಾಡಿ ಎದ್ದ ಇಬ್ಬರೂ, ಎದುರಿನೋರಿಗೆ ನಾವು ನಿಜವಾಗಿ ಹಿಡಿಸಿದ್ದಕ್ಕಿಂತ ಕಮ್ಮಿ ಹಿಡಿಸಿದೀವಿ ಅಂತಾನೇ ತಿಳ್ಕೊಂಡಿದ್ರಂತೆ.

ಕೆಡಿಸೋ ಸಂಗತಿಗಳೂ ಇವೆ. ‘ನಾನು ಆಫೀಸಲ್ಲಿದ್ದಾಗ’ ಅಂತ ಶುರುವಾಗೋ ಮಾತು ದಿನಕ್ಕೊಂದು ಸಾಕು (ಕೋಪ ಮಾಡ್ಕೋಬೇಡಿ ಚಿಕ್ಕಪ್ಪ). ಕಾಯಿಲೆಯ ವರದಿ ಎರಡು ವಾಕ್ಯ. ಕೇಳದೆ ಸಲಹೆ ಬೇಡ. ಗುಡ್ ಮಾರ್ನಿಂಗ್ ಫಾರ್ವರ್ಡ್ ಬದಲು ಅವರೊಬ್ಬರಿಗೇ ಸೇರೋ ಒಂದು ಸಾಲು ಕಳ್ಸಿ. ಹೊಸ ಪರಿಚಯದೋರು ಸಾಲ, ಹೂಡಿಕೆ, ಚೀಟಿ ಅಂತ ಮಾತೆತ್ತಿದ್ರೆ ಮುಲಾಜಿಲ್ದೆ ಇಲ್ಲ ಅನ್ನಿ, ಮನೇಲಿ ಹೇಳಿ. ಚಿಕ್ಕಮ್ಮನೂ ನೀವೂ ಒಂದೇ ಗುಂಪಿಗೆ ಹೋದ್ರೆ ಒಟ್ಟಿಗೆ ಕೂರಬೇಡಿ. ಜೋಡಿಯಾಗಿ ಕೂತೋರನ್ನ ಮಾತಾಡಿಸೋಕೆ ಜನ ಹಿಂಜರೀತಾರೆ.

ಹಾಡಿನ ಕ್ಲಾಸಿನೋರಿಗೇ ಮೊದಲು ಫೋನ್ ಮಾಡಿ. ಖಾಯಂ ಬರೋರು ಎಷ್ಟು ಜನ, ಮಧ್ಯೆ ಬಿಡುವು ಇದೆಯಾ, ಮುಗಿದ್ಮೇಲೆ ಯಾರಾದ್ರೂ ಉಳ್ಕೋತಾರಾ, ಹಾಲ್ ಜೋಡಿಸೋಕೆ ಕೈ ಬೇಕಾ ಅಂತ ಕೇಳಿ. ಬಿಡುವೂ ಇಲ್ಲ, ಯಾರೂ ಉಳ್ಕೊಳ್ಳಲ್ಲ ಅಂದ್ರೆ ಹಾಡು ಕಲಿಯೋಕೆ ಮಾತ್ರ ಅಲ್ಲಿಗೆ ಹೋಗಿ, ಜನಕ್ಕೆ ನಡಿಗೆ ಗುಂಪು ಹುಡುಕೋಣ. ಅವರು ಏನಂದ್ರು ಅಂತ ಇಲ್ಲೇ ಹಾಕಿ.